ಬಳಸಿದ ಮನೆ ಸಾಮಾನನ್ನು ಹಡಗಿನಲ್ಲಿ ವಿದೇಶಕ್ಕೆ ಕಳಿಸುವಾಗ ವಿಮೆ ಬೇಕೇ ಬೇಕಾ?

ನೀವು ಕೇಳಿರುವುದು ಇಷ್ಟು: ಮನೆ ವಿದೇಶಕ್ಕೆ ಬದಲಾಯಿಸುತ್ತಿದ್ದೀರಿ, ಸಾಮಾನು ಹಡಗಿನಲ್ಲಿ ಹೋಗುತ್ತಿದೆ. ಎಲ್ಲ ಬಳಸಿದ ಸಾಮಾನೇ. ಒಡೆದರೆ, ಕಳೆದರೆ ಸಾಗಿಸುವವರೇ ಜವಾಬ್ದಾರರಲ್ವಾ, ಮತ್ತೆ ವಿಮೆ ಯಾಕೆ? ಮಾಡಿಸಲೇಬೇಕು ಅಂದ್ರೆ ಬೆಲೆ ಅರ್ಧ ತೋರಿಸಿ ಪ್ರೀಮಿಯಂ ಉಳಿಸಬಹುದಾ? ಪ್ಯಾಕಿಂಗ್ ನಾವೇ ಮಾಡಿಕೊಂಡರೆ ತೊಂದರೆ ಇದೆಯಾ?

ಸಾಗಣೆ ವಿಮೆಯ ಕ್ಲೇಮ್ ಕಾಗದಗಳನ್ನು ನೋಡುವುದೇ ನನ್ನ ಕೆಲಸ. ನನ್ನ ಉತ್ತರ: ವಿಮೆ ಮಾಡಿಸಿ. ಆದರೆ ಯಾವ ಕಂಪನಿ, ಯಾವ ಪಾಲಿಸಿ ಎಂದು ಹುಡುಕಾಡುವುದಕ್ಕಿಂತ, ನೀವು ಬರೆದುಕೊಡುವ ಸಾಮಾನಿನ ಪಟ್ಟಿಗೆ ಜಾಸ್ತಿ ಹೊತ್ತು ಕೊಡಿ. ಕ್ಲೇಮ್ ನಿಲ್ಲುವುದೂ ಬೀಳುವುದೂ ಆ ಪಟ್ಟಿಯ ಮೇಲೆ.

ಮೊದಲು ‘ಸಾಗಿಸುವವರೇ ಜವಾಬ್ದಾರರಲ್ವಾ’ ಅನ್ನುವುದನ್ನು ನೋಡೋಣ. ಜವಾಬ್ದಾರರು ಹೌದು, ಆದರೆ ಅದಕ್ಕೊಂದು ಮಿತಿ ಇದೆ. ಹಡಗಿನ ಸರಕು ಸಾಗಣೆಗೆ ಹಲವು ದೇಶಗಳು ಒಪ್ಪಿರುವ ಹೇಗ್-ವಿಸ್ಬಿ ನಿಯಮಗಳು ಅನ್ವಯಿಸುವ ಕಡೆ ಹಡಗಿನ ಕಂಪನಿ ಕೊಡಬೇಕಾದ್ದು ಹೆಚ್ಚೆಂದರೆ ಒಂದು ಪ್ಯಾಕೇಜಿಗೆ 666.67 ಎಸ್‌ಡಿಆರ್, ಇಲ್ಲವೇ ಕಿಲೋಗೆ 2 ಎಸ್‌ಡಿಆರ್, ಎರಡರಲ್ಲಿ ಯಾವುದು ಜಾಸ್ತಿಯೋ ಅದು. ಎಸ್‌ಡಿಆರ್ ಅಂದರೆ ಐಎಂಎಫ್ ಲೆಕ್ಕಕ್ಕೆ ಇಟ್ಟುಕೊಂಡಿರುವ ಹಣದ ಒಂದು ಮಾನ. ಬಿಲ್ ಆಫ್ ಲೇಡಿಂಗ್‌ನಲ್ಲಿ (ಸರಕು ಪಡೆದದ್ದಕ್ಕೆ ಹಡಗಿನ ಕಂಪನಿ ಕೊಡುವ ಪತ್ರ) ಎಷ್ಟು ಬಾಕ್ಸ್ ಎಂದು ಬರೆಯದೆ ‘ಒಂದು ಕಂಟೇನರ್ ಮನೆ ಸಾಮಾನು’ ಎಂದಷ್ಟೇ ಬರೆದಿದ್ದರೆ ಇಡೀ ಕಂಟೇನರೇ ಒಂದು ಪ್ಯಾಕೇಜ್. ಆಮೇಲೆ ಕಿಲೋ ಲೆಕ್ಕವೇ ಗತಿ. ಇಷ್ಟೇ ಅಲ್ಲ. ಹಡಗು ನಡೆಸುವಾಗ ಕ್ಯಾಪ್ಟನ್ ಮಾಡಿದ ತಪ್ಪಿಗೆ, ಸಮುದ್ರದ ಅಪಾಯಗಳಿಗೆ ಕಂಪನಿ ಹೊಣೆಯಲ್ಲ ಎಂದು ಅದೇ ನಿಯಮ ಹೇಳುತ್ತದೆ. ಬೆಂಕಿ ಬಿದ್ದರೂ ಕಂಪನಿಯದೇ ತಪ್ಪು ಇದ್ದರೆ ಮಾತ್ರ ಹೊಣೆ. ದೊಡ್ಡ ಅನಾಹುತದಲ್ಲಿ ಅವರು ಕೈ ಎತ್ತಿದರೆ ಕಾನೂನು ಬಹುಮಟ್ಟಿಗೆ ಅವರ ಕಡೆಗೇ ಇರುತ್ತದೆ.

ಇದಕ್ಕಿಂತ ಮುಖ್ಯವಾದ್ದು ಇನ್ನೊಂದಿದೆ. ಇದನ್ನು ಜನರಿಗೆ ಯಾರೂ ಮುಂಚೆ ಹೇಳುವುದಿಲ್ಲ: ನಿಮ್ಮ ಸಾಮಾನಿಗೆ ಏನೂ ಆಗದೇ ಇದ್ದರೂ ನೀವು ದುಡ್ಡು ಕಟ್ಟಬೇಕಾಗಬಹುದು! ಹಡಗು ಅಪಾಯಕ್ಕೆ ಸಿಕ್ಕಾಗ ಹಡಗನ್ನೂ ಸರಕನ್ನೂ ಉಳಿಸಲು ಆದ ತ್ಯಾಗ, ಖರ್ಚನ್ನೆಲ್ಲ ಹಡಗಿನ ಮಾಲೀಕರು ಮತ್ತು ಸರಕಿನ ಮಾಲೀಕರು ಹಂಚಿಕೊಳ್ಳಬೇಕು. ಇದಕ್ಕೆ ಜನರಲ್ ಆವರೇಜ್ ಎನ್ನುತ್ತಾರೆ. ಬಹಳ ಹಳೆಯ ಪದ್ಧತಿ. ಈಗ ಯಾರ್ಕ್-ಆಂಟ್ವರ್ಪ್ ನಿಯಮಗಳ ಪ್ರಕಾರ ಲೆಕ್ಕ ಹಾಕುತ್ತಾರೆ. 2018ರ ಮಾರ್ಚ್‌ನಲ್ಲಿ ಅರಬ್ಬೀ ಸಮುದ್ರದಲ್ಲಿ ಮಾರ್ಸ್ಕ್ ಹೋನಮ್ ಹಡಗಿಗೆ ಬೆಂಕಿ ಬಿತ್ತಲ್ಲ, ಆಗ ಸರಕಿನ ಮಾಲೀಕರಿಂದ ಕೇಳಿದ ಭದ್ರತೆ (ಸಾಮಾನು ಬಿಡುವ ಮೊದಲು ಕೊಡಬೇಕಾದ ಖಾತರಿ) ಹಡಗನ್ನು ಉಳಿಸಿದ ಕೆಲಸದ ಲೆಕ್ಕಕ್ಕೆ ಸರಕಿನ ಬೆಲೆಯ 42.5 ಶೇಕಡಾ, ಜನರಲ್ ಆವರೇಜ್ ಲೆಕ್ಕಕ್ಕೆ 11.5 ಶೇಕಡಾ. ಒಟ್ಟು 54. ಅಂದರೆ ಬೆಂಕಿ ತಾಗದೆ ಉಳಿದ ಸಾಮಾನನ್ನು ಬಿಡಿಸಿಕೊಳ್ಳಲು ಅದರ ಅರ್ಧಕ್ಕಿಂತ ಹೆಚ್ಚು ಬೆಲೆಗೆ ಭದ್ರತೆ ಕೊಡಬೇಕು. ವಿಮೆ ಇದ್ದವರ ಪರವಾಗಿ ವಿಮಾ ಕಂಪನಿಯೇ ಖಾತರಿ ಪತ್ರ ಕೊಟ್ಟು ಸಾಮಾನು ಬಿಡಿಸುತ್ತದೆ. ಇಲ್ಲದವರು ನಗದು ಹೊಂದಿಸಬೇಕು. 2021ರಲ್ಲಿ ಸೂಯೆಜ್ ಕಾಲುವೆಗೆ ಅಡ್ಡ ಸಿಕ್ಕಿಕೊಂಡ ಎವರ್ ಗಿವನ್ ಹಡಗಿನ ಸರಕಿಗೂ ಇದೇ ಜನರಲ್ ಆವರೇಜ್ ಘೋಷಣೆ ಆಗಿತ್ತು. ‘ಹಳೇ ಸಾಮಾನು, ಹೋದರೆ ಹೋಗಲಿ’ ಅನ್ನುವವರು ಇದನ್ನು ಯೋಚಿಸಿರುವುದಿಲ್ಲ.

ಹಾಗಾದರೆ ಯಾವ ವಿಮೆ? ಸಾಮಾನ್ಯವಾಗಿ ಎರಡು ಥರ ಸಿಗುತ್ತದೆ. ಒಂದು ಆಲ್ ರಿಸ್ಕ್: ಇಂತಿಂಥದ್ದು ಸೇರಿಲ್ಲ ಎಂದು ಪಾಲಿಸಿಯಲ್ಲಿ ಬರೆದದ್ದನ್ನು ಬಿಟ್ಟು ಆಕಸ್ಮಿಕವಾಗಿ ಆದ ಜಖಂ, ಕಳವು ಎಲ್ಲ ಸೇರಿರುತ್ತದೆ. ಇನ್ನೊಂದು ಟೋಟಲ್ ಲಾಸ್: ಇಡೀ ಸಾಮಾನು ಹೋದರೆ ಮಾತ್ರ. ಪುಸ್ತಕ, ಬಟ್ಟೆ, ಹಾಸಿಗೆ, ಸ್ಟೀಲ್ ಪಾತ್ರೆ ಇಷ್ಟೇ ಇದ್ದರೆ ನಾನಂತೂ ಟೋಟಲ್ ಲಾಸ್ ಸಾಕು ಅನ್ನುತ್ತೇನೆ. ಜನರಲ್ ಆವರೇಜ್ ಸೇರಿದೆಯಾ ಎಂದು ಬರಹದಲ್ಲಿ ಕೇಳಿಕೊಳ್ಳಿ, ಅಷ್ಟೇ. ಮರದ ಪೀಠೋಪಕರಣ, ಗಾಜು, ಟಿವಿ, ವಾಷಿಂಗ್ ಮೆಷಿನ್ ಇದ್ದರೆ ಆಲ್ ರಿಸ್ಕ್ ತಗೊಳ್ಳಿ.

ಬೆಲೆ ಅರ್ಧ ತೋರಿಸುವ ವಿಚಾರ. ಬೇಡ. ‘ಪೂರ್ತಿ ನಷ್ಟ ಎಲ್ಲಿ ಆಗುತ್ತೆ, ಒಂದೆರಡು ಸಾಮಾನು ಒಡೆದರೆ ಅರ್ಧ ಬೆಲೆಯ ವಿಮೆ ಸಾಕಲ್ವಾ’ ಎಂದು ನಿಮಗೆ ಅನ್ನಿಸಬಹುದು. ಪಾಲಿಸಿ ಹಾಗೆ ಲೆಕ್ಕ ಹಾಕುವುದಿಲ್ಲ. 10 ಲಕ್ಷದ ಸಾಮಾನಿಗೆ 5 ಲಕ್ಷದ ವಿಮೆ ಮಾಡಿಸಿದ್ದೀರಿ, 40 ಸಾವಿರದ ಟೇಬಲ್ ಮುರಿಯಿತು ಅಂದುಕೊಳ್ಳಿ. ನಿಮಗೆ ಸಿಗುವುದು 20 ಸಾವಿರ, ಅದರಲ್ಲೂ ನೀವೇ ಭರಿಸಬೇಕಾದ ಮೊದಲ ಪಾಲು ಕಳೆಯುತ್ತಾರೆ. ಎಷ್ಟು ಭಾಗಕ್ಕೆ ವಿಮೆ ಇದೆಯೋ ಪ್ರತಿ ನಷ್ಟಕ್ಕೂ ಅಷ್ಟೇ ಭಾಗ. ಪ್ರೀಮಿಯಂ ಇಳಿಸಲೇಬೇಕಾದರೆ ಆ ಮೊದಲ ಪಾಲನ್ನು ಹೆಚ್ಚಿಗೆ ಒಪ್ಪಿಕೊಳ್ಳಿ. ಇಲ್ಲವೇ ಒಂದಿಷ್ಟು ಸಾಮಾನನ್ನು ಇಲ್ಲೇ ಮಾರಿಬಿಡಿ. ಸಾಗಿಸುವ ಖರ್ಚೂ ಉಳಿಯುತ್ತದೆ.

ಯಾವ ಬೆಲೆ ಬರೆಯಬೇಕು ಅನ್ನುವುದು ಪಾಲಿಸಿ ಮೇಲೆ ಹೋಗುತ್ತದೆ. ಹೊಸದು ಕೊಡಿಸುವ ಪಾಲಿಸಿಯಾದರೆ, ಅದೇ ಸಾಮಾನನ್ನು ನೀವು ಹೋಗುವ ಊರಿನಲ್ಲಿ ಈಗ ಕೊಳ್ಳಲು ಎಷ್ಟಾಗುತ್ತದೋ ಅದನ್ನು ಬರೆಯಿರಿ. ನೀವು ಅವತ್ತು ಕೊಟ್ಟ ಬೆಲೆ ಅಲ್ಲ. ಸವಕಳಿ ಕಳೆದು ಕೊಡುವ ಪಾಲಿಸಿಯಾದರೆ ಹಳೇ ಸಾಮಾನಿಗೆ ಇವತ್ತು ಬರುವ ಬೆಲೆ.

ಇನ್ನು ಪಟ್ಟಿ. ನನ್ನ ಮೇಜಿಗೆ ಬರುವ ಪಟ್ಟಿಗಳಲ್ಲಿ ಪದೇ ಪದೇ ಕಾಣುವ ಸಾಲು ಇದು: ‘ಅಡುಗೆ ಸಾಮಾನು, 4 ಬಾಕ್ಸ್, 50,000’. ಒಂದು ಬಾಕ್ಸ್ ಬರಲಿಲ್ಲ ಅಂದಾಗ ಅದರಲ್ಲಿ ಏನಿತ್ತು? ಎಷ್ಟರದ್ದು? ಮನೆಯವರು ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ, ನಾವು ಅಂದಾಜಿನಲ್ಲಿ ಕೈ ಹಿಡಿದು ಕೊಡುತ್ತೇವೆ. ಅದೇ ಪಟ್ಟಿ ಹೀಗಿದ್ದರೆ ನೋಡಿ: ‘ಬಾಕ್ಸ್ 14: ಮಿಕ್ಸಿ 1, ಪ್ರೆಶರ್ ಕುಕ್ಕರ್ 2, ಪಿಂಗಾಣಿ ತಟ್ಟೆ 12’, ಒಂದೊಂದರ ಮುಂದೆ ಬೆಲೆ. ಮಾತೇ ಬೇಡ. ದುಬಾರಿ ಸಾಮಾನಿಗೆ ಮಾಡೆಲ್ ನಂಬರ್, ಫೋಟೋ, ಸಿಕ್ಕರೆ ರಸೀದಿ. ಟಿವಿ ಓಡುತ್ತಿರುವಾಗಲೇ ಒಂದು ವಿಡಿಯೋ ತೆಗೆದಿಡಿ. ಹೊರಗೆ ಗೀರೂ ಇಲ್ಲದೆ ಒಳಗೆ ಕೆಟ್ಟುಹೋದ ಯಂತ್ರಗಳನ್ನು ಎಷ್ಟೋ ಪಾಲಿಸಿ ಒಪ್ಪುವುದಿಲ್ಲ. ಅದನ್ನು ಬೇರೆಯಾಗಿ ಸೇರಿಸಬೇಕು. ಹಾಗೇ ಆರು ಕುರ್ಚಿಯಲ್ಲಿ ಒಂದು ಮುರಿದರೆ ಆ ಒಂದರ ದುಡ್ಡು ಮಾತ್ರ. ಜೊತೆಗಾರ ಸಿಗದೆ ಉಳಿದ ಐದು ಬೇಸರ ತಂದರೆ ಅದಕ್ಕೆ ವಿಮೆ ಇಲ್ಲ, ಪೂರ್ತಿ ಸೆಟ್ಟಿಗೆ ಎಂದು ಸೇರಿಸಿಕೊಂಡಿದ್ದರೆ ಬೇರೆ ಮಾತು.

ಪ್ಯಾಕಿಂಗ್ ನೀವೇ ಮಾಡಿದರೆ ಆ ಬಾಕ್ಸಿನ ಮುಂದೆ ಪಟ್ಟಿಯಲ್ಲಿ ‘ಪಿಬಿಒ’ ಎಂದು ಬರೆಯುತ್ತಾರೆ. ಮಾಲೀಕರೇ ಕಟ್ಟಿದ್ದು ಎಂದು ಗುರುತು. ಅಂಥ ಬಾಕ್ಸು ಪೂರ್ತಿ ಕಳೆದರೆ ಕೊಡುತ್ತಾರೆ, ಒಳಗೆ ಒಡೆದಿದ್ದರೆ ಸಾಮಾನ್ಯವಾಗಿ ಇಲ್ಲ. ಮೂರು ಅಕ್ಷರಕ್ಕೆ ಇಷ್ಟು ತೂಕ! ಇದರಲ್ಲಿ ನನಗೆ ಅನ್ಯಾಯವೇನೂ ಕಾಣುವುದಿಲ್ಲ. ಮನೆಯಲ್ಲಿ ಕಟ್ಟಿದ ಬಾಕ್ಸ್ ತೆರೆದರೆ ತಟ್ಟೆಗಳು ಒಂದರ ಮೇಲೊಂದು ಮಲಗಿರುತ್ತವೆ, ನಡುವೆ ಒಂದೊಂದೇ ಹಾಳೆ ಪೇಪರ್, ಕೆಳಗಿನ ನಾಲ್ಕು ಚೂರು. ಕಸುಬಿನವರು ಪ್ರತಿ ತಟ್ಟೆಯನ್ನೂ ಬೇರೆ ಬೇರೆ ಸುತ್ತಿ ನೆಟ್ಟಗೆ ನಿಲ್ಲಿಸುತ್ತಾರೆ, ತಳಕ್ಕೆ ಪೇಪರ್ ಉಂಡೆ ಮಾಡಿ ಹಾಸುತ್ತಾರೆ, ಅಲ್ಲಾಡಿಸಿದರೆ ಸದ್ದು ಬರಬಾರದು. ಬಟ್ಟೆ, ಪುಸ್ತಕ ನೀವು ತುಂಬಿ. ಒಡೆಯುವುದನ್ನೆಲ್ಲ ಅವರಿಗೇ ಬಿಡಿ.

ಬೂಷ್ಟು ಹಿಡಿಯುವುದು, ತಡವಾಗುವುದು, ತುಕ್ಕು, ಬಳಸಿ ಸವೆದದ್ದು, ಇವಕ್ಕೆ ಸಾಮಾನ್ಯವಾಗಿ ದುಡ್ಡಿಲ್ಲ. ಯುದ್ಧ, ಮುಷ್ಕರಕ್ಕೆ ಬೇರೆ ಷರತ್ತು ಸೇರಿಸಬೇಕು. ಒಡವೆ, ನಗದು, ಪಾಸ್‌ಪೋರ್ಟ್, ಮಾರ್ಕ್ಸ್ ಕಾರ್ಡ್ ಕಂಟೇನರಿಗೆ ಹಾಕಲೇಬೇಡಿ. 2007ರ ಜನವರಿಯಲ್ಲಿ ಬಿರುಗಾಳಿಗೆ ಸಿಕ್ಕ ಎಂಎಸ್‌ಸಿ ನೆಪೋಲಿ ಹಡಗಿನ ಕಂಟೇನರುಗಳು ಇಂಗ್ಲೆಂಡಿನ ಬ್ರ್ಯಾನ್ಸ್‌ಕಂಬ್ ಕಡಲತೀರಕ್ಕೆ ತೇಲಿ ಬಂದಾಗ ಜನ ಸಿಕ್ಕಿದ್ದನ್ನೆಲ್ಲ ಹೊತ್ತೊಯ್ದರು. ಮನೆ ಬದಲಾಯಿಸುತ್ತಿದ್ದವರ ಖಾಸಗಿ ಸಾಮಾನೂ ಅದರಲ್ಲಿತ್ತು. ಅದಕ್ಕೆಲ್ಲ ಬೆಲೆ ಕಟ್ಟುವ ಪಾಲಿಸಿ ಇಲ್ಲ.

ಒಂದು ಎಚ್ಚರಿಕೆ. ಸಾಗಿಸುವ ಕಂಪನಿ ಕೊಡುವ ‘ಪ್ರೊಟೆಕ್ಷನ್ ಪ್ಲಾನ್’ ಎಲ್ಲ ವಿಮೆಯಲ್ಲ. ಕೆಲವು ಆ ಕಂಪನಿಯೇ ತನ್ನ ಹೊಣೆಯನ್ನು ಸ್ವಲ್ಪ ಹೆಚ್ಚಿಸಿಕೊಂಡ ಮಾತು ಅಷ್ಟೇ. ಅವರು ದಿವಾಳಿಯಾದರೆ ಅದೂ ಹೋಯಿತು. ವಿಮಾ ಕಂಪನಿಯ ಹೆಸರು, ನಿಮ್ಮ ಹೆಸರಿನ ಸರ್ಟಿಫಿಕೇಟ್, ಮನೆಯಿಂದ ಮನೆಯವರೆಗೆ ಎಂಬ ಮಾತು, ಗೋದಾಮಿನಲ್ಲಿ ಎಷ್ಟು ದಿನದವರೆಗೆ ಇಟ್ಟರೆ ವಿಮೆ ನಡೆಯುತ್ತದೆ ಎಂಬ ವಿವರ, ಇಷ್ಟು ಕೈಗೆ ಬಂದ ಮೇಲೆ ಲಾರಿಗೆ ತುಂಬಲು ಬಿಡಿ.

ಸಾಮಾನು ತಲುಪಿದ ದಿನ ಎಲ್ಲರೂ ಸುಸ್ತಾಗಿರುತ್ತಾರೆ. ಇಳಿಸುವವರು ಒಂದು ಹಾಳೆ ಚಾಚಿ ಸಹಿ ಕೇಳುತ್ತಾರೆ. ‘ಎಲ್ಲ ಸರಿಯಾಗಿ ತಲುಪಿದೆ’ ಎಂದು ಅದರಲ್ಲಿ ಅಚ್ಚಾಗಿರುತ್ತದೆ. ಸುಮ್ನೆ ಸಹಿ ಹಾಕಬೇಡಿ. ನಂಬರ್ ಕೂಗಿಸಿ, ಪಟ್ಟಿಯಲ್ಲಿ ಟಿಕ್ ಹಾಕಿ. ‘ಬಾಕ್ಸ್ 14 ಮೂಲೆ ನಜ್ಜುಗುಜ್ಜು, ತಳ ಒದ್ದೆ, ಒಳಗೆ ನೋಡಿಲ್ಲ’ ಎಂದು ಕೈಯಲ್ಲಿ ಬರೆದು ಆಮೇಲೆ ಸಹಿ ಮಾಡಿ, ಆ ಹಾಳೆಯ ಫೋಟೋ ಇಟ್ಟುಕೊಳ್ಳಿ. ಹೊರಗೆ ಕಾಣದ ಜಖಂ ಆದರೆ ಹೇಗ್-ವಿಸ್ಬಿ ಪ್ರಕಾರ 3 ದಿನದೊಳಗೆ ಹಡಗಿನವರಿಗೆ ಬರಹದಲ್ಲಿ ತಿಳಿಸಬೇಕು, ಕೋರ್ಟಿಗೆ ಹೋಗಲು 1 ವರ್ಷ. ವಿಮೆಯವರ ಗಡುವು ಬೇರೆಯೇ ಇರುತ್ತದೆ, ಪಾಲಿಸಿಯಲ್ಲಿ ನೋಡಿ. ಹಾಗಾಗಿ ಬಾಕ್ಸುಗಳನ್ನು ‘ನಿಧಾನಕ್ಕೆ ಬಿಚ್ಚೋಣ’ ಎಂದು ರೂಮಿನಲ್ಲಿ ಪೇರಿಸಬೇಡಿ. ಒಡೆದದ್ದು ಸಿಕ್ಕರೆ ಚೂರು, ಬಾಕ್ಸು, ಸುತ್ತಿದ ಪೇಪರ್ ಯಾವುದನ್ನೂ ಸರ್ವೇಯರ್ (ನಷ್ಟ ಎಷ್ಟೆಂದು ಪರಿಶೀಲಿಸುವವರು) ಬಂದು ನೋಡುವ ತನಕ ಎಸೆಯಬೇಡಿ.