ವೆನ್‌ಸಿಮ್: ಹೊಂಡದ ನೀರು ಮೈನಸ್‌ಗೆ ಇಳಿಯುವ ತೊಂದರೆ

ವೆನ್‌ಸಿಮ್‌ನಲ್ಲಿ (ಕಾಲ ಕಳೆದಂತೆ ಆಗುವ ಬದಲಾವಣೆಯನ್ನು ಲೆಕ್ಕ ಹಾಕುವ ಮಾದರಿ ತಂತ್ರಾಂಶ) ಮಾಡಿದ ರೋಣದ ಕೃಷಿ ಹೊಂಡದ ಮಾದರಿಯಲ್ಲಿ ಮಾರ್ಚ್ ದಾಟಿದ ಮೇಲೆ ನೀರು ಮೈನಸ್ ತೋರಿಸುತ್ತದೆ ಎಂದಿದ್ದೀರಿ. ನೀವು ಕಳಿಸಿದ ಮಾದರಿಯ ಚಿತ್ರದಲ್ಲಿ ಸಮೀಕರಣ ಕಾಣುವುದಿಲ್ಲ, ಆದರೂ ಕಾರಣ ಬಹುತೇಕ ಇದೇ: ‘ನೀರಾವರಿ’ ಹರಿವಿಗೆ ಬೆಳೆಯ ಬೇಡಿಕೆಯಿಂದ ಮಾತ್ರ ಬಾಣವಿದೆ, ಹೊಂಡದಿಂದ ಇಲ್ಲ. ಹೊಂಡದಲ್ಲಿ 40 ಘನ ಮೀಟರ್ ಉಳಿದಾಗಲೂ ಹರಿವು 60 ಎಳೆಯುತ್ತದೆ. ವೆನ್‌ಸಿಮ್ ತಾನಾಗಿ ತಡೆಯುವುದಿಲ್ಲ, −20 ಎಂದೇ ತೋರಿಸುತ್ತದೆ.

ಮೊದಲು ಹೊಂಡದ ಚೌಕದಿಂದ ನೀರಾವರಿಗೆ ಬಾಣ ಎಳೆಯಿರಿ. ಟೈಮ್ ಸ್ಟೆಪ್ (ಲೆಕ್ಕದ ಒಂದೊಂದು ಹೆಜ್ಜೆಯ ಅವಧಿ) ಅನ್ನು ಶ್ಯಾಡೋ ವೇರಿಯೇಬಲ್ (ಮಾದರಿಯಲ್ಲಿ ಈಗಾಗಲೇ ಇರುವ ಅಂಶದ ನಕಲು) ಆಗಿ ತಂದು ಅಲ್ಲಿಂದಲೂ ಒಂದು ಬಾಣ. ಆಮೇಲೆ ನೀರಾವರಿಯ ಸಮೀಕರಣ ಹೀಗಿರಲಿ (ಮಿನ್ ಎಂದರೆ ಎರಡರಲ್ಲಿ ಚಿಕ್ಕದ್ದು): ಮಿನ್(ಬೇಡಿಕೆ, ಹೊಂಡದ ನೀರು / ಟೈಮ್ ಸ್ಟೆಪ್). ಭಾಗಾಕಾರ ಬಿಡಬೇಡಿ, ಬಿಟ್ಟರೆ ಘನ ಮೀಟರನ್ನು ದಿನದ ಘನ ಮೀಟರ್ ಜೊತೆ ಹೋಲಿಸಿದಂತಾಗಿ ಯೂನಿಟ್ಸ್ ಚೆಕ್ (ಅಳತೆಮಾನಗಳ ಪರೀಕ್ಷೆ) ತಪ್ಪು ತೋರಿಸುತ್ತದೆ.

ಆವಿ ಬೇರೆ ಹರಿವಾಗಿದ್ದರೆ ಇಷ್ಟು ಸಾಲದು, ಎರಡೂ ಸೇರಿ ಇದ್ದದ್ದಕ್ಕಿಂತ ಹೆಚ್ಚು ಎಳೆದಾವು. ಆವಿಗೆ ಮೊದಲು ಇದೇ ಮಿತಿ ಹಾಕಿ, ನಂತರ ನೀರಾವರಿಯ ಮಿನ್ ಒಳಗೆ (ಹೊಂಡದ ನೀರು / ಟೈಮ್ ಸ್ಟೆಪ್ − ಆವಿ) ಎಂದು ಬರೆಯಿರಿ. ಇಂಗುವ ನೀರನ್ನೂ ತೋರಿಸಿದ್ದರೆ ಅದನ್ನೂ ಹೀಗೆಯೇ ಕಳೆಯಿರಿ.

ಸೆಟ್ಟಿಂಗ್ಸ್‌ನಲ್ಲಿ ಇಂಟಿಗ್ರೇಷನ್ (ಹೆಜ್ಜೆ ಹೆಜ್ಜೆಯಾಗಿ ಲೆಕ್ಕ ಹಾಕುವ ವಿಧಾನ) ಆಯ್ಲರ್ ಇರಲಿ. ಇನ್ನೊಂದು ವಿಧಾನವಾದ ಆರ್‌ಕೆ4ನಲ್ಲಿ (ರುಂಗೆ–ಕುಟ್ಟ) ಈ ಮಿತಿ ಕರಾರುವಾಕ್ಕಾಗಿ ನಿಲ್ಲುವುದಿಲ್ಲ. ಟೈಮ್ ಸ್ಟೆಪ್ 0.1 ಬದಲು 0.125 ಕೊಟ್ಟು ಮತ್ತೆ ರನ್ ಮಾಡಿ.