ಕದ್ದ ಕಾಪಿಯ ಖರ್ಚು ಯಾರ ಲೆಕ್ಕಕ್ಕೆ?
ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಈ ಸಂಚಿಕೆಯಲ್ಲಿ ಸಿನಿಮಾ ಮತ್ತು ಸಾಫ್ಟ್‌ವೇರ್ ಪೈರಸಿ

ಪ್ರಶ್ನೆ: ಶುಕ್ರವಾರ ಬಿಡುಗಡೆಯಾದ ಸಿನಿಮಾ ಅದೇ ರಾತ್ರಿ ಟೆಲಿಗ್ರಾಂಗೆ ಬಂದುಬಿಡುತ್ತದೆ. ಮೊಬೈಲ್‌ನಲ್ಲಿ ನೋಡುವವರು ಹೇಗೂ ಟಿಕೆಟ್ ತಗೊಳ್ಳುವವರಲ್ಲ. ಹಾಗಿದ್ದಮೇಲೆ ನಷ್ಟ ಎಲ್ಲಿಂದ ಬಂತು?
– ಪದವಿ ವಿದ್ಯಾರ್ಥಿ, ಮಳವಳ್ಳಿ

ಉತ್ತರ: ನಿಮ್ಮ ಮಾತು ಅರ್ಧ ನಿಜ. ಒಂದೊಂದು ಡೌನ್‌ಲೋಡನ್ನೂ ಒಂದೊಂದು ಟಿಕೆಟ್ ಎಂದು ಎಣಿಸಿ ಕೋಟಿಗಟ್ಟಲೆ ನಷ್ಟ ತೋರಿಸುವ ಲೆಕ್ಕವನ್ನು ನಾವೂ ಒಪ್ಪುವುದಿಲ್ಲ. ಪೆಟ್ಟು ಬೀಳುವ ಜಾಗ ಬೇರೆ. ದೊಡ್ಡ ಹೀರೋ ಸಿನಿಮಾಗೆ ಮೊದಲ ಮೂರು ದಿನ ಅಭಿಮಾನಿಗಳು ಬಂದೇ ಬರುತ್ತಾರೆ. ಹೊಸಬರ ಸಿನಿಮಾ ಬದುಕುವುದು ಬಾಯಿಮಾತಿನ ಮೇಲೆ. ಶುಕ್ರವಾರ ನೋಡಿದವರು ನಾಲ್ಕು ಜನಕ್ಕೆ ಹೇಳಿ, ಭಾನುವಾರ ಸಂಜೆಯ ಶೋ ತುಂಬಿದರೆ ಸೋಮವಾರ ಮೈಸೂರಿನ ಮಲ್ಟಿಪ್ಲೆಕ್ಸ್‌ನಲ್ಲಿ ಆ ಶೋ ಉಳಿಯುತ್ತದೆ. ತುಂಬದಿದ್ದರೆ ಬೆಳಗಿನ ಒಂದು ಆಟಕ್ಕೆ ಇಳಿಯುತ್ತದೆ, ಇಲ್ಲವೇ ಎತ್ತಿಯೇ ಬಿಡುತ್ತಾರೆ. ಆ ಎರಡು ದಿನದಲ್ಲಿ ನೂರಿನ್ನೂರು ಜನ ‘ಫೋನ್‌ನಲ್ಲೇ ಇದೆಯಲ್ಲ’ ಎಂದು ಮನೆಯಲ್ಲಿ ಉಳಿದರೂ ಸಾಕು, ಸಿನಿಮಾ ಕತೆ ಮುಗಿಯಿತು. ಅದೂ ಅವರು ನೋಡುವುದು ತಲೆಗಳು ಅಡ್ಡ ಬರುವ, ಸಂಭಾಷಣೆ ಗವಿಯೊಳಗಿಂದ ಕೇಳುವ ಕ್ಯಾಮ್ ಪ್ರಿಂಟ್, ಅಂದರೆ ಥಿಯೇಟರಿನಲ್ಲಿ ಕದ್ದು ರೆಕಾರ್ಡ್ ಮಾಡಿದ ಕಾಪಿ. ‘ಚೆನ್ನಾಗಿಲ್ಲ’ ಎಂಬ ತೀರ್ಪು ಹೊರಡುವುದೂ ಅಲ್ಲಿಂದಲೇ.

ಒಂದು ಅಂದಾಜು ಲೆಕ್ಕ ಹಾಕೋಣ. ತೆರಿಗೆ ಕಳೆದು ಟಿಕೆಟ್‌ಗೆ 120 ರೂಪಾಯಿ ಉಳಿಯಿತು ಎಂದಿಟ್ಟುಕೊಳ್ಳಿ. ಅರ್ಧ ಚಿತ್ರಮಂದಿರಕ್ಕೆ ಹೋದರೆ 60. ಅದರಲ್ಲಿ ವಿತರಕರ ಕಮಿಷನ್ ಶೇ 10 ಹಿಡಿದರೆ ನಿರ್ಮಾಪಕರ ಕೈಗೆ 54. ಮಳವಳ್ಳಿ, ನಾಗಮಂಗಲ, ಕೆ.ಆರ್. ಪೇಟೆ ಸೇರಿ ಸಾವಿರ ಜನ ತಪ್ಪಿದರೆ 54,000 ರೂಪಾಯಿ ಹೋಯಿತು. ಸಣ್ಣ ಸಿನಿಮಾದ ಎರಡನೇ ವಾರದ ಪೋಸ್ಟರ್ ಖರ್ಚು ಹುಟ್ಟಬೇಕಾದ್ದು ಇಂಥ ದುಡ್ಡಿನಲ್ಲೇ.

ಇಷ್ಟಕ್ಕೇ ನಿಲ್ಲುವುದಿಲ್ಲ. ಸ್ಟಾರ್ ಇಲ್ಲದ ಸಿನಿಮಾಗಳನ್ನು ಒಟಿಟಿಯವರು ಎಷ್ಟೋ ಸಲ ಒಂದೇ ಗಂಟಿಗೆ ಕೊಳ್ಳುವುದಿಲ್ಲ. ಎಷ್ಟು ಗಂಟೆ ನೋಡಿದರೋ ಅಷ್ಟಕ್ಕೆ ಹಣ. ಎಚ್‌ಡಿ ಪ್ರಿಂಟ್ ಹೊರಬಿದ್ದ ದಿನವೇ ಆ ಗಂಟೆಗಳು ಸೋರಲು ಶುರು. ಪೆನ್‌ಡ್ರೈವ್‌ನಿಂದ ಲೋಕಲ್ ಕೇಬಲ್ ಚಾನೆಲ್‌ನಲ್ಲಿ ಹಾಕಿದ ಮೇಲಂತೂ ಟಿವಿ ಹಕ್ಕಿಗೆ ಚೌಕಾಸಿ ಮಾಡುವ ಬಾಯಿಯೇ ನಿರ್ಮಾಪಕರಿಗೆ ಉಳಿಯುವುದಿಲ್ಲ.

ಪ್ರಶ್ನೆ: ನಾನು ಚಿತ್ರಮಂದಿರವೊಂದರ ಪ್ರೊಜೆಕ್ಟರ್ ಆಪರೇಟರ್. ಲೀಕ್ ಆದ ಕಾಪಿ ಯಾವ ಥಿಯೇಟರಿನದು ಎಂದು ಕಂಡುಹಿಡಿಯುತ್ತಾರಂತೆ, ಹೌದೇ? ಯಾರಾದರೂ ರೆಕಾರ್ಡ್ ಮಾಡುತ್ತಿರುವುದು ಕಂಡರೆ ನಾವು ಏನು ಮಾಡಬೇಕು?
– ಮೈಸೂರು

ಉತ್ತರ: ಹೌದು. ಸಿನಿಮಾ ನಿಮಗೆ ಬರುವುದು ಬೀಗ ಹಾಕಿದ ಫೈಲ್ ಆಗಿ. ಅದನ್ನು ತೆರೆಯುವ ಕೆಡಿಎಂ ಕೀ ನಿಮ್ಮ ಸರ್ವರ್ ಒಂದಕ್ಕೇ, ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಮಾತ್ರ ಕೆಲಸ ಮಾಡುತ್ತದೆ. ಡಿಜಿಟಲ್ ಸಿನಿಮಾಗೆ ಹಾಲಿವುಡ್ ಸ್ಟುಡಿಯೋಗಳು ಸೇರಿ ರೂಪಿಸಿದ ಡಿಸಿಐ ಮಾನದಂಡದ ಸರ್ವರ್ ಆದರೆ, ಆಟ ನಡೆಯುವಾಗಲೇ ಚಿತ್ರದೊಳಗೂ ಧ್ವನಿಯೊಳಗೂ ಕಣ್ಣು ಕಿವಿಗೆ ತಿಳಿಯದ ಗುಪ್ತ ಗುರುತು (ವಾಟರ್‌ಮಾರ್ಕ್) ಬೆರೆಸುತ್ತದೆ. ಪ್ರತಿ ಐದು ನಿಮಿಷದ ತುಣುಕಿನಲ್ಲೂ 35 ಬಿಟ್ ಮಾಹಿತಿ: 19 ಬಿಟ್ ಜಾಗಕ್ಕೆ, 16 ಬಿಟ್ ಹೊತ್ತಿಗೆ. ಸೋರಿದ ಕಾಪಿಯನ್ನು ಪ್ರಯೋಗಾಲಯದಲ್ಲಿ ಓದಿದರೆ ಯಾವ ಪರದೆ, ಯಾವ ಆಟ ಎಂದು ಹೊರಬರುತ್ತದೆ.

ಅದಕ್ಕೇ ಬೂತ್ ಬಾಗಿಲಿನ ಬಗ್ಗೆ ಹೆಚ್ಚು ಎಚ್ಚರ ಬೇಕು. ಅತಿ ನೇರವಾದ, ಅಲುಗಾಡದ ಚಿತ್ರ ಸಿಗುವುದು ಬೂತ್ ಕಿಟಕಿಯ ಪಕ್ಕದಿಂದ. ಗೆಳೆಯರನ್ನು ಒಳಗೆ ಕೂರಿಸಿಕೊಳ್ಳಬೇಡಿ. ಸಭಾಂಗಣದಲ್ಲಾದರೆ ಹಿಂದಿನ ಸಾಲುಗಳ ನಡುವಿನ ಸೀಟು, ಅಂಗಿ ಜೇಬಿನಿಂದ ಲೆನ್ಸ್ ಮಾತ್ರ ಹೊರಗಿಟ್ಟ, ಪರದೆ ಕತ್ತಲು ಮಾಡಿದ ಫೋನ್ – ಇವುಗಳ ಮೇಲೆ ಕಣ್ಣಿಡಿ. ಕಂಡಾಗ ಫೋನ್ ಕಿತ್ತುಕೊಂಡು ವಿಡಿಯೋ ಅಳಿಸಬೇಡಿ. ಅಳಿಸಿದಿರೋ, ಸಾಕ್ಷಿ ಹೋಯಿತು. ಮ್ಯಾನೇಜರ್‌ಗೆ ತಿಳಿಸಿ, ಪರದೆ, ಆಟದ ಹೊತ್ತು, ಸೀಟ್ ಸಂಖ್ಯೆ ಬರೆದಿಟ್ಟು, ಪೊಲೀಸರಿಗೆ ಕರೆ ಮಾಡಿ. ಸಿಸಿಟಿವಿ ದೃಶ್ಯದ ಮೇಲೆ ಹೊಸ ರೆಕಾರ್ಡಿಂಗ್ ಕೂರುವ ಮೊದಲೇ ಅದರ ನಕಲು ತೆಗೆದಿಡಿ. 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಕಾಯ್ದೆಯ ಪ್ರಕಾರ ಹೀಗೆ ರೆಕಾರ್ಡ್ ಮಾಡಿದವರಿಗೆ ಕನಿಷ್ಠ 3 ತಿಂಗಳಿಂದ 3 ವರ್ಷದವರೆಗೆ ಜೈಲು. ದಂಡ ಕನಿಷ್ಠ 3 ಲಕ್ಷ ರೂಪಾಯಿ, ಸಿನಿಮಾದ ಒಟ್ಟು ನಿರ್ಮಾಣ ವೆಚ್ಚದ ಶೇ 5ರವರೆಗೂ ಏರಬಹುದು.

ಪ್ರಶ್ನೆ: ನಮ್ಮದು ಡಿಟಿಪಿ ಅಂಗಡಿ. ಕಂಪ್ಯೂಟರ್ ಕೊಟ್ಟವರೇ ವಿಂಡೋಸ್, ಫೋಟೋಶಾಪ್, ಕೋರೆಲ್‌ಡ್ರಾ ಎಲ್ಲ ಹಾಕಿಕೊಟ್ಟಿದ್ದರು. ಹೋದ ವಾರ ಫೋಟೋಶಾಪ್‌ನ ಹೊಸ ಕ್ರ್ಯಾಕ್ (ದುಡ್ಡು ಕೊಡದೆ ಬಳಸಲು ಬೀಗ ಒಡೆದ ಕಾಪಿ) ಹಾಕಿದೆವು. ಮಾರನೇ ದಿನ ಲಗ್ನಪತ್ರಿಕೆ ಫೈಲ್‌ಗಳ ಹೆಸರಿಗೆಲ್ಲ ಏನೋ ಬಾಲ ಸೇರಿಕೊಂಡು ಒಂದೂ ತೆರೆಯುತ್ತಿಲ್ಲ. ಡಾಲರ್ ಕೇಳುವ ನೋಟ್ ಬಂದಿದೆ. ಮುಂದೇನು?
– ಮಂಡ್ಯ

ಉತ್ತರ: ಇದು ರಾನ್ಸಮ್‌ವೇರ್, ಅಂದರೆ ಫೈಲ್‌ಗಳಿಗೆ ಬೀಗ ಜಡಿದು ಬಿಡಿಸಲು ದುಡ್ಡು ಕೇಳುವ ವೈರಸ್. ಕ್ರ್ಯಾಕ್ ಹಾಕುವಾಗ ‘ಆಂಟಿವೈರಸ್ ಆಫ್ ಮಾಡಿ’ ಎಂದಿತ್ತಲ್ಲ, ಬಾಗಿಲು ತೆರೆದದ್ದು ಅಲ್ಲೇ.

ಮೊದಲು ನೆಟ್ ಕೇಬಲ್ ಕೀಳಿ, ಪೆನ್‌ಡ್ರೈವ್ ಚುಚ್ಚಬೇಡಿ. ದುಡ್ಡು ಕಟ್ಟಬೇಡಿ, ಕಟ್ಟಿದರೂ ಫೈಲ್ ಬರುವ ಖಾತ್ರಿಯಿಲ್ಲ. ಗಡಿಬಿಡಿಯಲ್ಲಿ ಫಾರ್ಮ್ಯಾಟ್ ಬೇಡ. ಹಾರ್ಡ್‌ಡಿಸ್ಕ್ ಹೊರತೆಗೆದು ಇಟ್ಟುಕೊಳ್ಳಿ. ಹಾಳಾದ ಒಂದು ಫೈಲ್ ಮತ್ತು ಆ ನೋಟನ್ನು, ಬಲ್ಲ ತಂತ್ರಜ್ಞರ ಕೈಯಲ್ಲಿ ಬೇರೆ ಕಂಪ್ಯೂಟರಿನಿಂದ ‘ನೋ ಮೋರ್ ರಾನ್ಸಮ್’ ತಾಣಕ್ಕೆ ಹಾಕಿಸಿ ನೋಡಿ. ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್, ಡಚ್ ಪೊಲೀಸರು ಮತ್ತಿತರರು ಸೇರಿ 2016ರಲ್ಲಿ ಶುರು ಮಾಡಿದ ಉಚಿತ ಸೇವೆ ಅದು. ಕ್ರ್ಯಾಕ್‌ಗಳ ಜೊತೆ ಹೆಚ್ಚಾಗಿ ಬರುವ ‘ಸ್ಟಾಪ್’ ಜಾತಿಯದಾದರೆ, ಅದು ಆಗ ತನ್ನ ಸರ್ವರ್‌ಗೆ ತಾಗದೆ, ಹಲವರಿಗೆ ಒಂದೇ ಆಗಿರುವ ‘ಆಫ್‌ಲೈನ್ ಕೀ’ ಬಳಸಿ ಬೀಗ ಹಾಕಿದ್ದರೆ ಬಿಡಿಸುವ ಅವಕಾಶವಿದೆ.

ಫೈಲಿಗಿಂತ ದೊಡ್ಡ ಚಿಂತೆ ಇನ್ನೊಂದಿದೆ. ಇಂಥ ಕ್ರ್ಯಾಕ್‌ಗಳು ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನೂ ಕದಿಯುತ್ತವೆ. ಜಿಮೇಲ್, ಬ್ಯಾಂಕ್ ಪಾಸ್‌ವರ್ಡ್‌ಗಳನ್ನು ಇವತ್ತೇ, ನಿಮ್ಮ ಫೋನ್‌ನಿಂದ ಬದಲಿಸಿ, ‘ಎಲ್ಲ ಸಾಧನಗಳಿಂದ ಲಾಗ್‌ಔಟ್’ ಒತ್ತಿ. ಖಾತೆಯಿಂದ ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ. ನಿಮ್ಮ ಗಿರಾಕಿಗಳ ಆಧಾರ್ ಪ್ರತಿ, ಫೋಟೋಗಳೂ ಅದೇ ಡಿಸ್ಕ್‌ನಲ್ಲಿವೆ. ಅವರು ನಿಮ್ಮನ್ನು ನಂಬಿ ಕೊಟ್ಟದ್ದು. ಅವರಿಗೂ ತಿಳಿಸಬೇಕು.

ಅಂಗಡಿಯಲ್ಲಿ ಬೇರೆ ಕಂಪ್ಯೂಟರ್ ಇದ್ದರೆ ಅದನ್ನೂ ಪರೀಕ್ಷಿಸಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಎಸ್‌ಎಲ್‌ಎಂಜಿಆರ್ ಎಂದು ಟೈಪ್ ಮಾಡಿ, ಜಾಗ ಬಿಟ್ಟು, ಸ್ಲ್ಯಾಶ್ ಹಾಕಿ ಡಿಎಲ್‌ವಿ ಎಂದು ಕೊಡಿ. ‘ಒಇಎಂ’ (ಕಂಪ್ಯೂಟರ್ ಜೊತೆಗೇ ಬಂದದ್ದು) ಅಥವಾ ‘ರೀಟೇಲ್’ (ಬಿಡಿಯಾಗಿ ಕೊಂಡದ್ದು) ಎಂದರೆ ಸಾಮಾನ್ಯ ಲೈಸೆನ್ಸ್. ‘ವಾಲ್ಯೂಮ್’, ‘ಕೆಎಂಎಸ್ ಕ್ಲೈಂಟ್’ ಎಂದು ಬಂದು ಅವಧಿ 180 ದಿನದೊಳಗೆ ಕಂಡರೆ, ಅದು ದೊಡ್ಡ ಕಚೇರಿಗಳ ಲೈಸೆನ್ಸ್. ಚಿಕ್ಕ ಅಂಗಡಿಯಲ್ಲಿ ಅದು ಇದೆ ಎಂದರೆ ಕದ್ದದ್ದೇ. ಗೊತ್ತಿದ್ದೂ ಕದ್ದ ಪ್ರೋಗ್ರಾಂ ಬಳಸಿದರೆ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನಲ್ಲಿ 7 ದಿನದಿಂದ 3 ವರ್ಷ ಜೈಲು, 50,000ದಿಂದ 2 ಲಕ್ಷ ರೂಪಾಯಿ ದಂಡ.

ಮುಂದೆ ವಿಂಡೋಸ್ ಮಾತ್ರ ದುಡ್ಡು ಕೊಟ್ಟು ಕೊಳ್ಳಿ. ಫೋಟೋಗೆ ಗಿಂಪ್, ವಿನ್ಯಾಸಕ್ಕೆ ಇಂಕ್‌ಸ್ಕೇಪ್, ಅಚ್ಚಿಗೆ ಸ್ಕ್ರೈಬಸ್, ಮೂರೂ ಉಚಿತ. ತೊಡಕುಗಳನ್ನೂ ಹೇಳಿಬಿಡುತ್ತೇವೆ. ಬೇರೆ ಕಡೆ ಉಳಿದಿರುವ ಹಳೆಯ ಕೋರೆಲ್ ಫೈಲ್‌ಗಳು ಇಂಕ್‌ಸ್ಕೇಪ್‌ನಲ್ಲಿ ತೆರೆದರೂ ಅಕ್ಷರ ಚದುರುತ್ತವೆ. ಕೋರೆಲ್‌ನ 15 ದಿನದ ಅಧಿಕೃತ ಟ್ರಯಲ್‌ನಲ್ಲೇ ಅವುಗಳ ಅಕ್ಷರಗಳನ್ನು ಕರ್ವ್‌ಗೆ (ಫಾಂಟ್ ಬೇಡದ ಗೆರೆಚಿತ್ರಕ್ಕೆ) ತಿರುಗಿಸಿ ಪಿಡಿಎಫ್ ಮಾಡಿಕೊಳ್ಳಿ. ಆ ಫಾಂಟ್ ಇದ್ದಲ್ಲಿ ಮಾತ್ರ ಸರಿಯಾಗಿ ಕಾಣುವ ಹಳೆಯ ನುಡಿ ಆಸ್ಕಿ ಅಕ್ಷರ ಬಿಟ್ಟು, ಎಲ್ಲೆಡೆ ನಡೆಯುವ ಯೂನಿಕೋಡ್‌ಗೆ ಬನ್ನಿ. ‘ನೋಟೋ’, ‘ಬಾಲೂ ತಮ್ಮ’ ಎಂಬ ಫಾಂಟ್‌ಗಳಿಗೆ ದುಡ್ಡಿಲ್ಲ. ಆಫ್‌ಸೆಟ್ ಅಚ್ಚಿಗೆ ಸಿಎಂವೈಕೆ (ನಾಲ್ಕು ಶಾಯಿಯ) ಪಿಡಿಎಫ್ ಸ್ಕ್ರೈಬಸ್‌ನಿಂದಲೇ ತೆಗೆಯಿರಿ, ಸುತ್ತ ಕತ್ತರಿಸಿ ಹೋಗುವ ಅಂಚಿಗೆ 3 ಮಿ.ಮೀ. ಬ್ಲೀಡ್ ಬಿಡಿ.

ಪ್ರಶ್ನೆ: ಬೆಲ್ಲದ ಮಂಡಿ, ಅಕ್ಕಿ ಗಿರಣಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿ ಮಾರುತ್ತೇವೆ. ಒಬ್ಬರು ಕೊಂಡರೆ ಹತ್ತು ಮಂಡಿಯವರು ಕಾಪಿ ಮಾಡಿಕೊಳ್ಳುತ್ತಾರೆ. ತಡೆಯುವುದು ಹೇಗೆ?
– ಇಬ್ಬರು ಪಾಲುದಾರರು, ಹೆಬ್ಬಾಳ ಕೈಗಾರಿಕಾ ಪ್ರದೇಶ, ಮೈಸೂರು

ಉತ್ತರ: ಇಬ್ಬರೇ ಇರುವ ಕಂಪನಿಗೆ ಈ ಹತ್ತು ಕಾಪಿ ಎಂದರೆ ಒಬ್ಬ ಹುಡುಗನ ಸಂಬಳ. ಪ್ರತಿ ಗಿರಾಕಿಗೂ, ನಿಮ್ಮ ಬಳಿ ಮಾತ್ರ ಇರುವ ಖಾಸಗಿ ಕೀಯಿಂದ (ಗುಪ್ತ ಸಂಕೇತ) ಡಿಜಿಟಲ್ ಸಹಿ ಮಾಡಿದ ಲೈಸೆನ್ಸ್ ಫೈಲ್ ಕೊಡಿ. ಪ್ರೋಗ್ರಾಂ ಒಳಗೆ ಆ ಸಹಿಯನ್ನು ಪರೀಕ್ಷಿಸುವ ಸಾರ್ವಜನಿಕ ಕೀ ಮಾತ್ರ ಇರಲಿ. ಮದರ್‌ಬೋರ್ಡ್, ಡಿಸ್ಕ್, ನೆಟ್‌ವರ್ಕ್ ಕಾರ್ಡ್ – ಮೂರರಲ್ಲಿ ಎರಡರ ಗುರುತು ಹೊಂದಿದರೆ ತೆರೆಯುವಂತಿರಲಿ. ಒಂದಕ್ಕೇ ಕಟ್ಟಿದರೆ ಡಿಸ್ಕ್ ಬದಲಿಸಿದ ಪ್ರಾಮಾಣಿಕ ಗಿರಾಕಿ ವ್ಯಾಪಾರದ ಹೊತ್ತಿನಲ್ಲಿ ಪಟ್ಟಿ ಬರೆಯಲಾಗದೆ ಒದ್ದಾಡುತ್ತಾನೆ. ಅವಧಿ ಮುಗಿದಾಗ 15 ದಿನ ಗಡುವು ಕೊಡಿ, ಆಮೇಲೂ ಹಳೆಯ ಲೆಕ್ಕ ನೋಡಲು ಬಿಡಿ, ಹೊಸ ಬಿಲ್ ಮಾತ್ರ ನಿಲ್ಲಿಸಿ. ಕೋಪದಲ್ಲಿ ಡೇಟಾ ಅಳಿಸುವ ಕೋಡ್ ಬರೆಯಲೇಬೇಡಿ. ಐಟಿ ಕಾಯ್ದೆಯ 43ನೇ ಕಲಮಿನಲ್ಲಿ ಆಗ ಪರಿಹಾರ ಕಟ್ಟಬೇಕಾದವರು ನೀವೇ.

ನೋಂದಣಿ ಕಡ್ಡಾಯವಲ್ಲ, ಆದರೂ ಕೃತಿಸ್ವಾಮ್ಯ ಕಚೇರಿಯಲ್ಲಿ ಮಾಡಿಸಿ. ನಮೂನೆ 14, ಸೋರ್ಸ್ ಕೋಡ್‌ನ ಮೊದಲ 10 ಮತ್ತು ಕೊನೆಯ 10 ಪುಟ ಬೇಕು. ಆಕ್ಷೇಪಣೆಗೆ 30 ದಿನ ಕಾಯುತ್ತಾರೆ. ಬೆಲೆಯನ್ನೂ ಒಮ್ಮೆ ಕೂತು ಯೋಚಿಸಿ: ಒಂದೇ ಸಲ ದೊಡ್ಡ ಮೊತ್ತ ಕೇಳುವ ಬದಲು ತಿಂಗಳ ಬಾಡಿಗೆಯ ಹಾಗೆ ಮಾಡಿ, ಜಿಎಸ್‌ಟಿ ಬದಲಾದಾಗಿನ ಅಪ್‌ಡೇಟನ್ನು ಲೈಸೆನ್ಸ್ ಇದ್ದವರಿಗೆ ಮಾತ್ರ ಕಳಿಸಿ. ಕಾಪಿ ಮಾಡಿಕೊಂಡ ಮಂಡಿಯವರಿಗೆ ರಿಟರ್ನ್ ಹೊಂದದ ದಿನ ನಿಮ್ಮ ನಂಬರ್ ಬೇಕಾಗುತ್ತದೆ. ಆ ಕರೆ ಬಂದಾಗ ಜಗಳ ತೆಗೆಯದೆ, ಲೈಸೆನ್ಸ್ ದರ ಹೇಳಿ.