ಕಾರ್ಡೋಬಾದ ಮಸೀದಿ ಕೆಥೆಡ್ರಲ್ ಆದ ಮೇಲೂ ಮಸೀದಿಯಂತೆಯೇ ಕಾಣುವುದೇಕೆ?

ಅದನ್ನು ಪೂರ್ತಿಯಾಗಿ ಕೆಡವಲೇ ಇಲ್ಲ, ಅದಕ್ಕೆ. 1236ರಲ್ಲಿ ಕ್ರೈಸ್ತ ರಾಜ ಮೂರನೇ ಫರ್ಡಿನಾಂಡ್ ಸ್ಪೇನಿನ ಈ ಊರನ್ನು ಗೆದ್ದಾಗ, ಮಸೀದಿಯನ್ನು ಶುದ್ಧಿ ಮಾಡಿ ಚರ್ಚ್ ಎಂದು ಘೋಷಿಸಿದರು. ಇದ್ದ ಕಟ್ಟಡದಲ್ಲೇ ಪೂಜೆ ಶುರುವಾಯಿತು.

ಒಳಗಿನ ಕಂಬಗಳನ್ನು ನೋಡಬೇಕು. ಈಗಲೂ 850ಕ್ಕಿಂತ ಜಾಸ್ತಿ ಇವೆ. ಸುಮಾರು 785ರಲ್ಲಿ ಇಲ್ಲಿನ ಮುಸ್ಲಿಂ ದೊರೆ ಒಂದನೇ ಅಬ್ದುಲ್ ರಹಮಾನ್ ಕೆಲಸ ಶುರುಮಾಡಿದಾಗ ಹಳೆಯ ರೋಮನ್ ಕಟ್ಟಡಗಳ ಕಂಬಗಳನ್ನೇ ತಂದು ನಿಲ್ಲಿಸಿದರು. ಅವು ಗಿಡ್ಡ, ಚಾವಣಿ ಎತ್ತರಕ್ಕೆ ಸಾಲವು. ಅದಕ್ಕೇ ಒಂದು ಕಮಾನಿನ ಮೇಲೆ ಇನ್ನೊಂದು ಕಮಾನು ಕಟ್ಟಿದರು. ಕೆಂಪು ಇಟ್ಟಿಗೆ, ಬಿಳಿ ಕಲ್ಲು, ಮತ್ತೆ ಕೆಂಪು ಇಟ್ಟಿಗೆ. ಕೊರತೆಯಿಂದ ಹುಟ್ಟಿದ ಎಂಥಾ ಚೆಂದದ ಉಪಾಯ ಅಲ್ವಾ!

ದೊಡ್ಡ ಬದಲಾವಣೆ ಆದದ್ದು 1523ರಲ್ಲಿ. ಕಂಬಗಳ ನಡುವೆ ಜಾಗ ತೆರವು ಮಾಡಿ ಎತ್ತರದ ಚರ್ಚ್ ಕಟ್ಟಲು ಬಿಷಪ್ ಹೊರಟರು. ವಿರೋಧಿಸಿದ್ದು ಯಾರು ಗೊತ್ತಾ? ಕ್ರೈಸ್ತರೇ ಇದ್ದ ನಗರಸಭೆ. ಕೆಲಸಕ್ಕೆ ಕೈ ಹಾಕಿದ ಕೂಲಿಗಳಿಗೆ ಮರಣದಂಡನೆ ಎಂದು ಸಾರಿತು. ಕೊನೆಗೆ ಚಕ್ರವರ್ತಿ ಐದನೇ ಚಾರ್ಲ್ಸ್ ಬಿಷಪ್ ಪರ ನಿಂತರು. ನನಗೆ ಆ ನಗರಸಭೆಯ ಮೇಲೆ ತುಂಬಾ ಗೌರವ. ತಮ್ಮ ಧರ್ಮದವರು ಕಟ್ಟದ ಕಟ್ಟಡಕ್ಕಾಗಿ ತಮ್ಮ ಬಿಷಪ್ಪರನ್ನೇ ಎದುರು ಹಾಕಿಕೊಂಡರಲ್ಲ!

ಹಳೆಯ ಮಿನಾರು ಇವತ್ತಿನ ಗಂಟೆ ಗೋಪುರದ ಒಳಗೇ ಇದೆ. ಚಿನ್ನದ ಬಣ್ಣದ ಗಾಜಿನ ಹರಳು ಕೂರಿಸಿದ ಮಿಹ್ರಾಬ್, ಅಂದರೆ ನಮಾಜಿನ ದಿಕ್ಕು ತೋರಿಸುವ ಗೋಡೆಯ ಗೂಡು, ಕೂಡ ಉಳಿದಿದೆ. ಪ್ರಾರ್ಥನೆ ಮಾತ್ರ ಕ್ಯಾಥೊಲಿಕರದ್ದು. ಮುಸ್ಲಿಮರಿಗೆ ಅಲ್ಲಿ ನಮಾಜಿಗೆ ಅನುಮತಿ ಇಲ್ಲ.